ಏನನ್ನು ಬಿಡುತ್ತೇವೆ, ಏಕೆ ಬಿಡುತ್ತೇವೆ



ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ, ಈಗಿನ ರಾಯಗಡ ಜಿಲ್ಲೆಯಲ್ಲಿ, ಗಾಣದಿಂದ ಎಣ್ಣೆ ತೆಗೆದು ಬದುಕುತ್ತಿದ್ದ ಒಂದು ಸಮುದಾಯವಿತ್ತು. ಅವರ ಮನೆಮಾತು ಮರಾಠಿ. ಉಡುಗೆ ತೊಡುಗೆ ಸುತ್ತಲಿನವರಂತೆಯೇ. ಆದರೆ ಶನಿವಾರ ಬಂತೆಂದರೆ ಅವರ ಗಾಣ ತಿರುಗುತ್ತಿರಲಿಲ್ಲ. ಅದನ್ನು ಕಂಡ ಊರವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಅವರೇ ಬೆನೆ ಇಸ್ರೇಲ್ ಯಹೂದಿಗಳು.

ಹಿರಿಯರ ಹಡಗು ನವಗಾಂವ್ ದಂಡೆಯ ಬಳಿ ಒಡೆದು, ಏಳು ಜೋಡಿಗಳು ಮಾತ್ರ ದಡ ಸೇರಿದರು ಎಂಬುದು ಅವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಅವರಲ್ಲಿ ಧರ್ಮಗ್ರಂಥ ಉಳಿಯಲಿಲ್ಲ, ಹೀಬ್ರೂ ಭಾಷೆ ಮರೆತುಹೋಯಿತು. ಒಂದೇ ದೇವರನ್ನು ಸಾರುವ ‘ಶೆಮಾ’ ಪ್ರಾರ್ಥನೆ, ಗಂಡುಮಕ್ಕಳ ಸುನ್ನತಿ, ಊಟದ ಕೆಲವು ಕಟ್ಟಳೆಗಳು ಮತ್ತು ಶನಿವಾರದ ಬಿಡುವು ಮುಖ್ಯವಾಗಿ ಉಳಿದವು. ಅವರ ಮೊದಲ ಪ್ರಾರ್ಥನಾಮಂದಿರ ಮುಂಬಯಿಯಲ್ಲಿ ಎದ್ದದ್ದು 1796ರಲ್ಲಿ. ಅದರ ಹಿಂದೆ ನಮ್ಮ ನಾಡಿನ ಚರಿತ್ರೆಯೂ ಇದೆ. ಅದನ್ನು ಕಟ್ಟಿಸಿದ ಸಮುವೇಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ, ಜೀವಸಹಿತ ಬಿಡುಗಡೆಯಾಗಿ, ಹರಕೆ ತೀರಿಸಲೆಂದು ಈ ಮಂದಿರ ಕಟ್ಟಿಸಿದರು ಎಂದು ಅವರ ಸಮುದಾಯ ಇಂದಿಗೂ ನೆನೆಯುತ್ತದೆ. ಅಲ್ಲಿಯವರೆಗೆ, ಗುಡಿಯಿಲ್ಲದೆ, ಗ್ರಂಥವಿಲ್ಲದೆ, ಒಂದು ಧರ್ಮವನ್ನು ಹಿಡಿದಿಟ್ಟುಕೊಂಡದ್ದರಲ್ಲಿ ನಿಂತ ಆ ಗಾಣದ ಪಾಲು ದೊಡ್ಡದು.

ಧರ್ಮಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ದೊಡ್ಡ ಪ್ರಶ್ನೆಗಳಿಂದ ಹೊರಡುತ್ತೇವೆ. ದೇವರು ಒಬ್ಬನೇ, ಹಲವರೇ? ಆತ್ಮ ಇದೆಯೇ, ಇಲ್ಲವೇ? ಇವು ಬೇಕಾದ ಪ್ರಶ್ನೆಗಳೇ. ಆದರೆ ಒಂದು ಧರ್ಮ ತನ್ನವರಿಗೆ ‘ಈ ದಿನ ಇದನ್ನು ಮಾಡಬೇಡ’ ಎಂದು ಏನನ್ನು ಹೇಳುತ್ತದೆ ಎಂದು ನೋಡಿದರೆ, ಅದರ ನಂಬಿಕೆ ಇನ್ನೂ ಹತ್ತಿರದಿಂದ ಕಾಣುತ್ತದೆ. ಈ ಕೆಲವು ನಿಮಿಷ ಮೂರು ದಿನಗಳನ್ನು ನೋಡೋಣ. ಯಹೂದಿಗಳ ಸಬ್ಬತ್ತು, ಬೌದ್ಧರ ಉಪೋಸಥ, ಹಿಂದೂಗಳ ಏಕಾದಶಿ.

ಮೊದಲಿಗೆ, ಈ ದಿನಗಳು ಬರುವ ಬಗೆ. ಏಕಾದಶಿ ಚಂದ್ರನನ್ನು ನೆಚ್ಚಿದ್ದು. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯುತ್ತದೆ. ಪಕ್ಷದ ಹನ್ನೊಂದನೆಯ ತಿಥಿ ಏಕಾದಶಿ. ವರ್ಷಕ್ಕೆ 24, ಅಧಿಕ ಮಾಸ ಬಂದ ವರ್ಷ 26. ಉಪೋಸಥವೂ ಚಂದ್ರನದೇ. ಹುಣ್ಣಿಮೆ, ಅಮಾವಾಸ್ಯೆ, ಜೊತೆಗೆ ಅಷ್ಟಮಿಗಳು. ಸಬ್ಬತ್ತು ಹಾಗಲ್ಲ. ಯಹೂದಿಗಳ ತಿಂಗಳು ಚಂದ್ರನನ್ನು ಅನುಸರಿಸುತ್ತದೆ, ನಮ್ಮ ಅಧಿಕ ಮಾಸದಂತೆ ಅವರೂ 19 ವರ್ಷಗಳಲ್ಲಿ ಏಳು ಸಲ ಹದಿಮೂರನೆಯ ತಿಂಗಳನ್ನು ಸೇರಿಸಿಕೊಳ್ಳುತ್ತಾರೆ. ಆದರೆ ಏಳು ದಿನದ ಎಣಿಕೆಗೆ ಆಕಾಶದಲ್ಲಿ ಯಾವ ಗುರುತೂ ಇಲ್ಲ. ಸೂರ್ಯ ಚಂದ್ರರೇ ಸೃಷ್ಟಿಯಾದದ್ದು ನಾಲ್ಕನೆಯ ದಿನ ಎನ್ನುತ್ತದೆ ಅವರ ಧರ್ಮಗ್ರಂಥ ತೋರಾ. ಆದ್ದರಿಂದ ಏಳನೆಯ ದಿನ ಸೂರ್ಯ ಚಂದ್ರರ ಅಪ್ಪಣೆಗೆ ಕಾಯುವುದಿಲ್ಲ, ಅದು ನೇರ ದೇವರ ಅಪ್ಪಣೆ. ಸೃಷ್ಟಿಕರ್ತ ಸೃಷ್ಟಿಯಿಂದ ಬೇರೆ, ಅದಕ್ಕಿಂತ ಮೇಲು ಎಂಬ ಯಹೂದಿ ನಂಬಿಕೆಯ ತಿರುಳು ಈ ಎಣಿಕೆಯಲ್ಲೇ ಇದೆ.

ಸಬ್ಬತ್ತು ಶುಕ್ರವಾರ ಸಂಜೆ ಶುರು. ಯಹೂದಿಗಳಿಗೆ ದಿನ ಹುಟ್ಟುವುದು ಸಂಜೆಯಲ್ಲಿ. ಸೂರ್ಯ ಮುಳುಗುವ ಮೊದಲೇ, ರೂಢಿಯಂತೆ ಮನೆಯ ಹೆಣ್ಣುಮಗಳು, ದೀಪ ಹಚ್ಚುತ್ತಾಳೆ. ದ್ರಾಕ್ಷಾರಸದ ಬಟ್ಟಲು ಹಿಡಿದು ದಿನವನ್ನು ಕೊಂಡಾಡುತ್ತಾರೆ. ಮೇಜಿನ ಮೇಲೆ ಎರಡು ರೊಟ್ಟಿ. ಈಜಿಪ್ಟಿನಿಂದ ಹೊರಟು ಮರುಭೂಮಿಯಲ್ಲಿ ಅಲೆಯುತ್ತಿದ್ದಾಗ ಆಕಾಶದಿಂದ ಬೀಳುತ್ತಿದ್ದ ಮನ್ನ ಎಂಬ ಆಹಾರ ಶುಕ್ರವಾರ ಎರಡು ಪಾಲು ಸಿಗುತ್ತಿತ್ತು, ಶನಿವಾರ ಯಾರೂ ಹೊರಗೆ ಹೋಗಿ ಆಯಬೇಕಿರಲಿಲ್ಲ, ಅದರ ನೆನಪು ಅದು. ಆ ಹೊತ್ತಿನಿಂದ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಕೆಲಸವಿಲ್ಲ.

ಕೆಲಸ ಎಂದರೆ ಯಾವುದು? ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲನವಾದ ಮಿಶ್ನಾ ಎಂಬ ಗ್ರಂಥ 39 ಬಗೆಯ ಕೆಲಸಗಳನ್ನು ಪಟ್ಟಿ ಮಾಡಿದೆ. ಬಿತ್ತುವುದು, ಉಳುವುದು, ಕೊಯ್ಯುವುದು, ಹಿಟ್ಟು ನಾದುವುದು, ನೂಲುವುದು, ನೇಯುವುದು, ಎರಡು ಅಕ್ಷರ ಬರೆಯುವುದು, ಕಟ್ಟುವುದು, ಕೆಡವುವುದು, ಬೆಂಕಿ ಹೊತ್ತಿಸುವುದು, ಹೀಗೆ. ಮರುಭೂಮಿಯಲ್ಲಿ ದೇವರ ಗುಡಾರ ಕಟ್ಟಲು ಬೇಕಾದ ಕೆಲಸಗಳಿಂದ ಈ ಪಟ್ಟಿ ಬಂದಿದೆ ಎಂಬುದು ಅವರ ಪರಂಪರೆಯ ವಿವರಣೆ. ಅಂದರೆ ದೇವರ ಮನೆ ಕಟ್ಟುವ ಪವಿತ್ರ ಕೆಲಸವೂ ಆ ದಿನ ನಿಲ್ಲಬೇಕು. ಈ ಕೆಲಸಗಳಲ್ಲೆಲ್ಲ ಒಂದು ಸಾಮಾನ್ಯ ಅಂಶವಿದೆ: ಇರುವ ಜಗತ್ತನ್ನು ಮನುಷ್ಯ ತನ್ನ ಇಷ್ಟಕ್ಕೆ ತಕ್ಕಂತೆ ಬದಲಿಸುವುದು. ಆರು ದಿನ ಬದಲಿಸು, ಏಳನೆಯ ದಿನ ಜಗತ್ತನ್ನು ಅದು ಇದ್ದಂತೆ ಬಿಡು, ಏಕೆಂದರೆ ಅದು ನಿನ್ನದಲ್ಲ. ಹೀಗೆ ಸಬ್ಬತ್ತಿನಲ್ಲಿ ಬಿಡುವುದು ಒಡೆತನವನ್ನು.

ತೋರಾ ಈ ಆಜ್ಞೆಗೆ ಎರಡು ಕಾರಣ ಕೊಡುತ್ತದೆ. ವಿಮೋಚನಕಾಂಡದಲ್ಲಿ ಕಾರಣ ಸೃಷ್ಟಿ: ದೇವರು ಆರು ದಿನ ಸೃಷ್ಟಿಸಿ ಏಳನೆಯ ದಿನ ವಿರಮಿಸಿದನು. ಧರ್ಮೋಪದೇಶಕಾಂಡದಲ್ಲಿ ಅದೇ ಆಜ್ಞೆ ಮತ್ತೆ ಬರುವಾಗ ಕಾರಣ ಬದಲಾಗುತ್ತದೆ: ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ದೇವರು ಬಿಡಿಸಿ ತಂದನು. ಅದಕ್ಕಾಗಿ ನಿಮ್ಮ ಆಳು, ದಾಸಿ, ಎತ್ತು, ಕತ್ತೆ, ನಿಮ್ಮ ಊರಲ್ಲಿರುವ ಪರದೇಶಿ, ಎಲ್ಲರೂ ವಿರಮಿಸಲಿ. ಗುಲಾಮನಿಗೆ ರಜೆಯಿಲ್ಲ. ರಜೆ ಇದ್ದವನು ತನ್ನ ಕೈಕೆಳಗಿನವರಿಗೆ ಅದನ್ನು ಕೊಡಲೇಬೇಕು. ದೇವರೊಡನೆ ಒಂದು ಜನಾಂಗ ಮಾಡಿಕೊಂಡ ಒಡಂಬಡಿಕೆ, ಆ ಒಡಂಬಡಿಕೆಯಿಂದ ಬಂದ ಹೊಣೆ, ಚರಿತ್ರೆಯಲ್ಲಿ ದೇವರು ಕೈಹಿಡಿದ ನೆನಪು, ಯಹೂದಿ ಧರ್ಮದ ಈ ಮೂರೂ ಮುಖ್ಯ ಭಾವನೆಗಳು ಇಲ್ಲಿ ಒಟ್ಟಿಗೆ ಸೇರಿವೆ.

ಇನ್ನು ಉಪೋಸಥ. ವಿನಯ ಪಿಟಕದ ಮಹಾವಗ್ಗದಲ್ಲಿ ಅದರ ಹುಟ್ಟಿನ ಕಥೆ ಇದೆ. ಬೇರೆ ಪಂಥಗಳ ಸಂನ್ಯಾಸಿಗಳು ಪಕ್ಷದ ಎಂಟನೆಯ, ಹದಿನಾಲ್ಕನೆಯ, ಹದಿನೈದನೆಯ ದಿನ ಕೂಡಿ ಧರ್ಮ ಹೇಳುತ್ತಿದ್ದರು, ಜನ ಅವರಲ್ಲಿಗೆ ಹೋಗುತ್ತಿದ್ದರು. ಮಗಧದ ರಾಜ ಬಿಂಬಿಸಾರ ಇದನ್ನು ನೋಡಿ, ನಮ್ಮ ಭಿಕ್ಷುಗಳೂ ಹೀಗೆ ಕೂಡಬಾರದೇ ಎಂದು ಬುದ್ಧನಲ್ಲಿ ಕೇಳಿಕೊಂಡ. ಬುದ್ಧ ಒಪ್ಪಿದ. ಭಿಕ್ಷುಗಳು ಕೂಡಿದರು, ಆದರೆ ಸುಮ್ಮನೆ ಕುಳಿತರು. ಮೂಗರಂತೆ ಕೂರುತ್ತಾರಲ್ಲ ಎಂದು ಜನ ಬೇಸರಪಟ್ಟರು. ಆಗ ಧಮ್ಮ ಹೇಳುವುದು, ಆಮೇಲೆ ಭಿಕ್ಷು ನಿಯಮಗಳಾದ ಪಾತಿಮೋಕ್ಖವನ್ನು ಪಠಿಸುವುದು ಸೇರಿಕೊಂಡವು. ಥೇರವಾದದಲ್ಲಿ ಆ ನಿಯಮಗಳು 227. ಪಠಿಸುವ ಮೊದಲು, ತಪ್ಪು ಮಾಡಿದ್ದರೆ ಅದನ್ನು ಒಪ್ಪಿಕೊಂಡು ಶುದ್ಧನಾಗಿರಬೇಕು. ಹೊರಗಿನ ಯಾವ ದೇವರ ಮುಂದೆಯೂ ಈ ತಪ್ಪೊಪ್ಪಿಗೆ ಇಲ್ಲ, ಜೊತೆಯ ಭಿಕ್ಷುವಿನ ಮುಂದೆ, ಸಂಘದ ಮುಂದೆ.

ಗೃಹಸ್ಥರಿಗೆ ಎಂಟು ಶೀಲಗಳು. ಕೊಲ್ಲಬಾರದು, ಕದಿಯಬಾರದು, ಆ ದಿನ ಬ್ರಹ್ಮಚರ್ಯ, ಸುಳ್ಳಾಡಬಾರದು, ಅಮಲಿನ ಪದಾರ್ಥ ಮುಟ್ಟಬಾರದು, ಮಧ್ಯಾಹ್ನ ಕಳೆದ ಮೇಲೆ ಉಣ್ಣಬಾರದು, ಕುಣಿತ ಹಾಡು ಹೂಮಾಲೆ ಸುಗಂಧ ಬೇಡ, ಎತ್ತರದ ಮೆತ್ತನೆಯ ಹಾಸಿಗೆ ಬೇಡ. ಮುಕ್ತರಾದ ಅರಹಂತರು ಜೀವನವಿಡೀ ಬದುಕುವ ಹಾಗೆ ನಾನು ಈ ಒಂದು ಹಗಲು, ಒಂದು ರಾತ್ರಿ ಬದುಕುತ್ತೇನೆ ಎಂಬುದು ಸಂಕಲ್ಪ.

ಈ ಎಂಟರಲ್ಲಿ ಜಗತ್ತಿನ ಒಡೆಯ ಯಾರು ಎಂಬ ಪ್ರಶ್ನೆಯೇ ಇಲ್ಲ. ಬುದ್ಧ ಕಂಡ ನಾಲ್ಕು ಸತ್ಯಗಳಲ್ಲಿ ಎರಡನೆಯದು, ದುಃಖಕ್ಕೆ ಮೂಲ ತೃಷ್ಣೆ. ನನಗೆ ಬೇಕು, ನನ್ನದಾಗಬೇಕು, ನಾನು ಹೀಗೇ ಇರಬೇಕು ಎಂಬ ಹಸಿವು. ಆ ಹಸಿವಿಗೆ ದಿನವೂ ಉಣಬಡಿಸುವ ಸಣ್ಣ ಸಣ್ಣ ಸುಖಗಳನ್ನು ಒಂದು ದಿನ ತಡೆಹಿಡಿದರೆ ಅದು ಹೇಗೆ ಏಳುತ್ತದೆ, ಹೇಗೆ ತಾನಾಗಿ ಇಳಿಯುತ್ತದೆ ಎಂದು ಕಾಣುತ್ತದೆ. ಎದ್ದದ್ದು ಇಳಿಯುವುದು ಅನಿತ್ಯ. ಅದನ್ನು ‘ನಾನು’ ಎಂದು ಹಿಡಿಯಲಾಗದು ಎಂಬ ಅರಿವು ಅನಾತ್ಮ. ಹೀಗೆ ಉಪೋಸಥದಲ್ಲಿ ಬಿಡುವುದು ಅಂಟನ್ನು.

ಅಶೋಕನಿಗೆ ಈ ದಿನದ ಬೆಲೆ ಗೊತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ, ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು ಎಂದು ಆತ ಬರೆಸಿದ್ದಾನೆ. ಸಾರನಾಥದ ಶಾಸನದಲ್ಲಿ ಪ್ರತಿ ಉಪೋಸಥಕ್ಕೂ ಉಪಾಸಕರು ಬರಬೇಕು, ಅಧಿಕಾರಿಗಳಾದ ಮಹಾಮಾತ್ರರೂ ಬರಬೇಕು ಎಂದು ಅಪ್ಪಣೆ ಇದೆ. ನೆರೆಯ ಶ್ರೀಲಂಕಾದಲ್ಲಿ ಇಂದಿಗೂ ಪ್ರತಿ ಹುಣ್ಣಿಮೆ ‘ಪೋಯ’ ರಜಾದಿನ. 1966ರಲ್ಲಿ ಅಲ್ಲಿನ ಸರ್ಕಾರ ಭಾನುವಾರದ ರಜೆಯನ್ನೇ ತೆಗೆದು ಪೋಯ ದಿನಗಳಿಗೆ ಕೊಟ್ಟಿತ್ತು. ಕೆಲವು ವರ್ಷಗಳ ಬಳಿಕ ಭಾನುವಾರ ಮರಳಿತು, ಹುಣ್ಣಿಮೆಯೂ ಉಳಿಯಿತು. ನಮ್ಮ ಬೈಲುಕುಪ್ಪೆ, ಮುಂಡಗೋಡಗಳ ಟಿಬೆಟನ್ನರು ತಮ್ಮ ಪಂಚಾಂಗದ ನಾಲ್ಕನೆಯ ತಿಂಗಳಾದ ಸಾಗಾ ದಾವಾದ ಹುಣ್ಣಿಮೆಯಂದು ಬುದ್ಧನನ್ನು ನೆನೆಯುತ್ತಾರೆ. ಆ ದಿನ ನಸುಕಿನಲ್ಲೇ ಒಂದು ದಿನದ ಎಂಟು ವ್ರತಗಳನ್ನು ಹಿಡಿಯುವವರು ಅವರಲ್ಲಿದ್ದಾರೆ.

ಏಕಾದಶಿ ನಮ್ಮ ಕೇಳುಗರಲ್ಲಿ ಹಲವರ ಮನೆಯ ವಿಷಯ. ಎಲ್ಲ ಹಿಂದೂಗಳೂ ಇದನ್ನು ಆಚರಿಸುವುದಿಲ್ಲ. ಶಿವಭಕ್ತರಿಗೆ ಸೋಮವಾರ, ಪ್ರದೋಷ, ಜಾಗರಣೆಯ ಶಿವರಾತ್ರಿ ಇವೆ. ಏಕಾದಶಿ ಮುಖ್ಯವಾಗಿ ವಿಷ್ಣುವಿನ ದಿನ. ಹಲವು ಮನೆಗಳಲ್ಲಿ ಅನ್ನ ಬಿಟ್ಟು ಫಲಾಹಾರ. ಮಾಧ್ವ ಸಂಪ್ರದಾಯದಲ್ಲಿ ಕಟ್ಟುನಿಟ್ಟಾದವರಿಗೆ ನೀರೂ ಇಲ್ಲ. ಮಧ್ವಾಚಾರ್ಯರು ‘ಕೃಷ್ಣಾಮೃತಮಹಾರ್ಣವ’ದಲ್ಲಿ ಈ ವ್ರತಕ್ಕೆ ತುಂಬಾ ಮಹತ್ವ ಕೊಟ್ಟಿದ್ದಾರೆ. ಅರುಣೋದಯದ ಹೊತ್ತಿಗೆ ದಶಮಿ ಸೋಂಕಿದ್ದರೆ ಆ ಏಕಾದಶಿ ವೈಷ್ಣವರಿಗೆ ಸಲ್ಲದು, ಮರುದಿನ ಉಪವಾಸ. ಪಂಚಾಂಗದಲ್ಲಿ ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿ ಎಂದು ಎರಡು ದಿನ ಬರೆದಿರುವುದು ಇದಕ್ಕೇ. ಆಷಾಢ ಶುದ್ಧ ಏಕಾದಶಿಗೆ ವಿಷ್ಣು ಮಲಗುತ್ತಾನೆ, ಕಾರ್ತಿಕ ಶುದ್ಧ ಏಕಾದಶಿಗೆ ಏಳುತ್ತಾನೆ. ನಡುವೆ ಚಾತುರ್ಮಾಸ್ಯ. ಆಷಾಢ ಏಕಾದಶಿಗೆ ಪಂಢರಪುರ ಸೇರುವ ವಾರಕರಿಗಳಲ್ಲಿ ಕನ್ನಡಿಗರೂ ಇದ್ದಾರೆ.

ಇಲ್ಲಿ ಅನ್ನ ಬಿಡುವುದೇಕೆ? ಕಠೋಪನಿಷತ್ತು ದೇಹವನ್ನು ರಥ ಎಂದಿತು, ಇಂದ್ರಿಯಗಳನ್ನು ಕುದುರೆಗಳು ಎಂದಿತು, ಮನಸ್ಸನ್ನು ಲಗಾಮು ಎಂದಿತು. ರಥದಲ್ಲಿ ಕುಳಿತ ಆತ್ಮ ಬೇರೆ, ಎಳೆಯುವ ಕುದುರೆ ಬೇರೆ. ಇದು ಹಿಂದೂ ಚಿಂತನೆಯ ಅಡಿಗಲ್ಲು. ನಾನು ಈ ದೇಹವಷ್ಟೇ ಅಲ್ಲ, ಜನ್ಮದಿಂದ ಜನ್ಮಕ್ಕೆ ಕರ್ಮದ ಗಂಟು ಹೊತ್ತು ನಡೆಯುವವನು, ಆ ನಡಿಗೆ ಮುಗಿದು ಸೇರಬೇಕಾದ ನೆಲೆಯೊಂದಿದೆ ಎಂಬ ನಂಬಿಕೆ ಅದರ ಮೇಲೆ ನಿಂತಿದೆ. ಹೊರಕ್ಕೆ ಓಡುವ ಇಂದ್ರಿಯಗಳನ್ನು ಒಂದು ದಿನ ಒಳಕ್ಕೆ ತಿರುಗಿಸಿ, ಆ ಬಿಡುವನ್ನು ಹರಿಸ್ಮರಣೆಯಿಂದ ತುಂಬುವುದು ಏಕಾದಶಿಯ ಉದ್ದೇಶ. ಇಲ್ಲಿ ಬಿಡುವುದು ದೇಹವೇ ನಾನೆಂಬ ಗುರುತನ್ನು.

ಈಗ ಮೂರನ್ನೂ ಒಂದೇ ಊಟದ ಎಲೆಯ ಮುಂದೆ ಕೂರಿಸಿ ನೋಡಿ. ಸಬ್ಬತ್ತಿನ ದಿನ ಯಹೂದಿ ಉಪವಾಸ ಮಾಡುವಂತಿಲ್ಲ, ಮೂರು ಹೊತ್ತು ಚೆನ್ನಾಗಿ ಉಣ್ಣಲೇಬೇಕು. ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್ ಶನಿವಾರ ಬಂದರೆ ಮಾತ್ರ ಈ ನಿಯಮ ಸರಿಯುತ್ತದೆ. ಉಪೋಸಥದ ದಿನ ಬೌದ್ಧ ಮಧ್ಯಾಹ್ನದವರೆಗೆ ಉಣ್ಣುತ್ತಾನೆ, ಆಮೇಲೆ ಇಲ್ಲ. ಏಕಾದಶಿಯ ವ್ರತಿ ಅನ್ನ ಉಣ್ಣುವುದೇ ಇಲ್ಲ. ಮೂವರೂ ಹೇಳುವುದು ಒಂದೇ ಎಂದು ಸುಲಭವಾಗಿ ಅಂದುಬಿಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಹೂದಿಗೆ ಸೃಷ್ಟಿ ಒಳ್ಳೆಯದು, ದೇವರೇ ಅದನ್ನು ಒಳ್ಳೆಯದೆಂದು ಕಂಡನು, ಅದನ್ನು ಸವಿಯುವುದೇ ಕೃತಜ್ಞತೆ. ಬುದ್ಧ ಉರುವೇಲದಲ್ಲಿ ಎಲುಬಿನ ಗೂಡಾಗುವವರೆಗೆ ಉಪವಾಸ ಮಾಡಿ, ಅದರಿಂದ ಬೋಧಿ ಸಿಗದೆಂದು ತಿಳಿದು ಮತ್ತೆ ಅನ್ನ ಮುಟ್ಟಿದವನು. ಆದ್ದರಿಂದ ಅವನದು ಭೋಗವೂ ಅಲ್ಲದ ದೇಹದಂಡನೆಯೂ ಅಲ್ಲದ ಮಧ್ಯಮ ಮಾರ್ಗ. ವೈಷ್ಣವನಿಗೆ ಆ ಒಂದು ದಿನ ಅನ್ನಕ್ಕಿಂತ ಹರಿಯೇ ಹತ್ತಿರದ ಆಹಾರ. ಈ ವ್ಯತ್ಯಾಸಗಳನ್ನು ಅಳಿಸದೆ ಇಟ್ಟುಕೊಂಡರೇ ಒಬ್ಬರನ್ನೊಬ್ಬರು ಅರಿಯಲು ಸಾಧ್ಯ.

ಆದರೆ ಮೂರೂ ಪರಂಪರೆಗಳು ನಿಜವಾಗಿ ಒಂದಾಗುವ ಒಂದು ಜಾಗವಿದೆ. ಮೂರೂ ತಮ್ಮ ವ್ರತವನ್ನು ತಾವೇ ಪರೀಕ್ಷೆಗೆ ಒಡ್ಡಿವೆ. ಬುದ್ಧ ಉಪಾಸಕಿ ವಿಶಾಖೆಗೆ ಮೂರು ಬಗೆಯ ಉಪೋಸಥ ಹೇಳುವಾಗ, ಮೊದಲನೆಯದನ್ನು ದನಕಾಯುವವನ ಉಪೋಸಥ ಎಂದ. ಇವತ್ತು ದನ ಎಲ್ಲಿ ಮೇದವು, ನಾಳೆ ಎಲ್ಲಿ ಮೇಯಿಸಲಿ ಎಂದು ಅವನು ಲೆಕ್ಕ ಹಾಕುವಂತೆ, ಇವತ್ತು ಏನು ತಿಂದೆ, ನಾಳೆ ಏನು ತಿನ್ನಲಿ ಎಂದು ಯೋಚಿಸುತ್ತ ಕಳೆಯುವ ವ್ರತ ಅದು, ಫಲವಿಲ್ಲದ್ದು. ಭಗವದ್ಗೀತೆಯ ಎರಡನೆಯ ಅಧ್ಯಾಯವೂ ಅದೇ ಎಚ್ಚರ ಕೊಡುತ್ತದೆ. ಆಹಾರ ಬಿಟ್ಟವನಿಂದ ವಿಷಯಗಳು ದೂರವಾಗಬಹುದು, ಅವುಗಳ ರುಚಿ ಮಾತ್ರ ಒಳಗೇ ಉಳಿಯುತ್ತದೆ, ಪರತತ್ತ್ವವನ್ನು ಕಂಡಾಗಲೇ ಅದೂ ಹೋಗುವುದು. ಯೆಶಾಯನ ಗ್ರಂಥದಲ್ಲಿ ಪ್ರವಾದಿಯ ಮಾತು ಇನ್ನೂ ಕಟುವಾಗಿದೆ. ಉಪವಾಸದ ದಿನವೇ ಕೂಲಿಯವರನ್ನು ದುಡಿಸಿಕೊಂಡು ತಲೆ ಬಾಗಿಸಿ ಕೂತರೆ ದೇವರಿಗೆ ಮೆಚ್ಚುಗೆಯಾದೀತೇ ಎಂದು ಕೇಳಿ, ಹಸಿದವನಿಗೆ ಅನ್ನ ಹಂಚುವುದು, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಡುವುದೇ ದೇವರು ಬಯಸುವ ಉಪವಾಸ ಎನ್ನುತ್ತಾನೆ.

ನಿಯಮಕ್ಕೂ ಜೀವಕ್ಕೂ ಪೈಪೋಟಿ ಬಂದಾಗ ಮೂರೂ ಜೀವದ ಕಡೆ ವಾಲುತ್ತವೆ. ಒಂದು ಜೀವ ಉಳಿಸಬೇಕಾದರೆ ಸಬ್ಬತ್ತನ್ನು ಮುರಿಯಬಹುದು ಮಾತ್ರವಲ್ಲ, ಮುರಿಯಲೇಬೇಕು. ಬದುಕಿ ಉಳಿದವನು ಮುಂದೆ ಹಲವು ಸಬ್ಬತ್ತುಗಳನ್ನು ಆಚರಿಸುವಂತೆ ಒಂದನ್ನು ಮುರಿ ಎಂಬುದು ತಾಲ್ಮುದ್ ಗ್ರಂಥದ ಗುರುಗಳ ತರ್ಕ. ಮಹಾವಗ್ಗದಲ್ಲಿ ಕಾಯಿಲೆಯ ಭಿಕ್ಷುವಿನ ಮಾತು ಬರುತ್ತದೆ. ಅವನು ತನ್ನ ಶುದ್ಧಿಯನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಕಳಿಸಬಹುದು. ಅದೂ ಆಗದೆ, ಅವನನ್ನು ಎತ್ತಿ ತಂದರೆ ಕಾಯಿಲೆ ಹೆಚ್ಚುವಂತಿದ್ದರೆ, ಸಂಘವೇ ಅವನಿರುವಲ್ಲಿಗೆ ಹೋಗಿ ಉಪೋಸಥ ಮಾಡಬೇಕು. ಏಕಾದಶಿಯಲ್ಲೂ ಎಳೆಯ ಮಕ್ಕಳಿಗೆ, ಎಂಬತ್ತು ದಾಟಿದವರಿಗೆ, ರೋಗಿಗಳಿಗೆ ವಿನಾಯಿತಿ ಇದೆ.

ಭಾಗವತದ ಒಂಬತ್ತನೆಯ ಸ್ಕಂಧದ ರಾಜ ಅಂಬರೀಷನ ಕಥೆಯನ್ನು ಈ ಬೆಳಕಿನಲ್ಲಿ ನೆನೆಯಬೇಕು. ಒಂದು ವರ್ಷದ ವ್ರತ ಮುಗಿಸಿ, ಉಪವಾಸ ಬಿಡುವ ಊಟವಾದ ಪಾರಣೆಗೆ ಕೂರುವ ಹೊತ್ತಿಗೆ ದೂರ್ವಾಸರು ಅತಿಥಿಯಾಗಿ ಬಂದರು, ಯಮುನೆಗೆ ಸ್ನಾನಕ್ಕೆ ಹೋದವರು ಬೇಗ ಬರಲಿಲ್ಲ. ದ್ವಾದಶಿ ಮುಗಿಯುತ್ತಿದೆ. ಪಾರಣೆ ತಪ್ಪಿದರೆ ವ್ರತಭಂಗ, ಅತಿಥಿಯನ್ನು ಬಿಟ್ಟು ಉಂಡರೆ ಧರ್ಮಭಂಗ. ಬರಿಯ ನೀರು ಕುಡಿದರೆ ಉಂಡಂತೆಯೂ ಆಯಿತು, ಉಣ್ಣದಂತೆಯೂ ಆಯಿತು ಎಂದು ಬ್ರಾಹ್ಮಣರು ದಾರಿ ತೋರಿದರು. ಅಷ್ಟಕ್ಕೇ ಮುನಿ ಅಂಬರೀಷನನ್ನು ಸುಡಲೆಂದು ಸಿಡಿದೆದ್ದರು, ಸುದರ್ಶನ ಚಕ್ರ ಅವರನ್ನೇ ಅಟ್ಟಿಸಿಕೊಂಡು ಹೋಯಿತು. ಚಕ್ರದ ಕಥೆ ಎಲ್ಲರಿಗೂ ನೆನಪಿರುತ್ತದೆ. ಆದರೆ ಮುನಿಗಳು ಲೋಕಲೋಕ ಸುತ್ತಿ ಮರಳುವವರೆಗೆ ಒಂದು ವರ್ಷ ಅಂಬರೀಷ ಊಟ ಮಾಡದೆ ಕಾದ, ಬಂದವರಿಗೆ ಉಣಿಸಿದ ಮೇಲೆಯೇ ತಾನು ಉಂಡ. ಅವನ ನಿಜವಾದ ಏಕಾದಶಿ ಅದು, ತನ್ನನ್ನು ಸುಡಲು ಬಂದವನಿಗಾಗಿ ಮಾಡಿದ ಉಪವಾಸ.

ಕೇಳುಗರೇ, ನಾನು ಹೇಳಬೇಕೆಂದಿದ್ದ ಮಾತು ಇದು. ಬಿಡುವ ವಸ್ತು ಮೂರು ಧರ್ಮಗಳಲ್ಲಿ ಬೇರೆ, ಬಿಡುವ ಕಾರಣವೂ ಬೇರೆ. ಆದರೆ ನಾನು ಬಿಟ್ಟದ್ದರಿಂದ ಇನ್ನೊಬ್ಬರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯನ್ನು ಮೂರೂ ಕೇಳುತ್ತವೆ. ತೋರಾದಲ್ಲಿ ಯಜಮಾನ ನಿಂತರೆ ಆಳಿಗೂ ಎತ್ತಿಗೂ ವಿಶ್ರಾಂತಿ. ಶೀಲ ಪಾಲಿಸುವವನು ಎಣಿಕೆಗೆ ಸಿಗದಷ್ಟು ಜೀವಿಗಳಿಗೆ ಅಭಯದಾನ ಮಾಡಿದಂತೆ ಎಂದ ಬುದ್ಧ. ಅಂಬರೀಷನ ಹಸಿವಿನಲ್ಲಿ ಅತಿಥಿಗೆ ಜಾಗವಿತ್ತು.

ಈ ಅಳತೆಗೋಲನ್ನು ನಮ್ಮ ಮನೆಗಳಿಗೆ ತಂದರೆ ಕೆಲವು ಕಷ್ಟದ ಪ್ರಶ್ನೆಗಳು ಏಳುತ್ತವೆ. ಏಕಾದಶಿಯ ದಿನ ಒಬ್ಬೊಬ್ಬರಿಗೆ ಒಂದೊಂದು ಫಲಾಹಾರ ಮಾಡಿಕೊಡುತ್ತ, ತಾನೂ ಉಪವಾಸವಿದ್ದು, ಮರುದಿನ ನಸುಕಿನಲ್ಲೇ ಎದ್ದು ಪಾರಣೆಯ ಅಡಿಗೆಗೆ ನಿಲ್ಲುವ ತಾಯಿಗೆ ಆ ದಿನ ಏನು ಬಿಡುವು ಸಿಕ್ಕಿತು? ನಾವು ರಜೆಯಲ್ಲಿದ್ದಾಗ ನಮ್ಮ ಬಾಗಿಲಿಗೆ ಊಟ ತಂದುಕೊಡುವ ಹುಡುಗನಿಗೆ, ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ, ಮನೆಗೆಲಸದವಳಿಗೆ ವಾರದಲ್ಲಿ ಒಂದು ದಿನ ಇದೆಯೇ? ಇವು ದೊಡ್ಡ ತತ್ತ್ವಗಳಿಗೆ ಹೊರತಾದ ಸಣ್ಣ ವಿಷಯಗಳೆಂದು ತಳ್ಳಬೇಡಿ. ಸೃಷ್ಟಿ ನಮ್ಮದಲ್ಲ ಎಂಬ ನಂಬಿಕೆ, ತೃಷ್ಣೆಯೇ ದುಃಖ ಎಂಬ ಕಾಣ್ಕೆ, ಎಲ್ಲರೊಳಗೂ ಆತ್ಮವಿದೆ ಎಂಬ ಮಾತು, ಇವು ದಿಟವೇ ಆಗಿದ್ದರೆ ಅವುಗಳ ಪರಿಣಾಮ ಮೊದಲು ಕಾಣಬೇಕಾದದ್ದು ಇಲ್ಲಿಯೇ. ನಿಮ್ಮ ಮನೆಯಲ್ಲಿ ಯಾವ ವ್ರತವಿದ್ದರೂ ಅದನ್ನು ಶ್ರದ್ಧೆಯಿಂದ ನಡೆಸಿ. ಜೊತೆಗೆ, ಆ ದಿನ ಮನೆಯಲ್ಲಿ ಅಥವಾ ಬಾಗಿಲಲ್ಲಿ ನಿಮಗಾಗಿ ದುಡಿಯುವ ಒಬ್ಬರ ಕೆಲಸವನ್ನಾದರೂ ನಿಲ್ಲಿಸಿ. ಆಗ ನಿಮ್ಮ ವ್ರತದ ಫಲ ಅವರಿಗೂ ಸಲ್ಲುತ್ತದೆ.